ಕೀಲಿಕೈ ಯಾರ ಕೈಗೆ?

ಬ್ರಸೆಲ್ಸ್‌ನ ಚಳಿಗಾಲದ ಮಳೆ ಸುರಿಯುವುದೂ ಇಲ್ಲ, ಬಿಡುವುದೂ ಇಲ್ಲ. ಜಾಕೆಟ್ಟಿನ ಹೆಗಲ ಮೇಲೆ ಕೂತು ಜನರ ಜೊತೆಗೇ ಕಟ್ಟಡದ ಒಳಗೂ ಬಂದುಬಿಡುತ್ತದೆ. ಊರಿನ ಫ್ರೆಂಚ್ ಭಾಷೆಯ ವಿಶ್ವವಿದ್ಯಾಲಯದ ಸೋಲ್‌ಬೋಶ್ ಕ್ಯಾಂಪಸ್ಸಿನಲ್ಲಿ ಕೆ ಎಂಬ ಒಂದಕ್ಷರದ ಹೆಸರಿನ ಕಟ್ಟಡವಿದೆ. ಶನಿವಾರ ಬೆಳಿಗ್ಗೆ ಹತ್ತೂವರೆಗೆಲ್ಲ ಅದರ ಕಾರಿಡಾರಿನಲ್ಲಿ ಒದ್ದೆ ಉಣ್ಣೆಯ ವಾಸನೆ, ಕಾಫಿಯ ಘಮ, ಬಿಸಿಯಾದ ಲ್ಯಾಪ್‌ಟಾಪುಗಳ ಗಾಳಿ ಎಲ್ಲ ಕಲಸಿಹೋಗಿರುತ್ತದೆ. ಎರಡೂ ಬದಿಗೆ ಮೇಜುಗಳ ಸಾಲು. ಡೆಬಿಯನ್‌ನವರು ಟೀ ಶರ್ಟು ಮಾರುತ್ತಿದ್ದಾರೆ, ಲಿಬ್ರೆಆಫೀಸಿನವರು ಕರಪತ್ರ ಹಂಚುತ್ತಿದ್ದಾರೆ. ಕಿತ್ತಳೆ-ಬಿಳಿ ಪಟ್ಟೆಯ ರಸ್ತೆ ಕೋನನ್ನು ತಲೆಗೇರಿಸಿಕೊಂಡು ನಿಂತವರು ವಿಎಲ್‌ಸಿ ಪ್ಲೇಯರಿನವರು. ಪೆನ್‌ಡ್ರೈವಿನಲ್ಲಿ ಬಂದ ಸಿನಿಮಾ ನೋಡಿದ ಯಾವ ಕನ್ನಡಿಗನಿಗೂ ಆ ಕೋನಿನ ಪರಿಚಯ ಹೇಳಬೇಕಿಲ್ಲ. ಪ್ಯಾರಿಸ್ಸಿನ ಇಂಜಿನಿಯರಿಂಗ್ ಕಾಲೇಜೊಂದರ ಹುಡುಗರು 1996ರಲ್ಲಿ ಶುರುಮಾಡಿದ ಪ್ರಾಜೆಕ್ಟು ಅದು. 2001ರಲ್ಲಿ ಅದರ ಕೋಡನ್ನು ಜಿಪಿಎಲ್ ಲೈಸೆನ್ಸಿನಡಿ ಎಲ್ಲರಿಗೂ ಬಿಟ್ಟರು. ಈಗಲೂ ಅದಕ್ಕೆ ದುಡ್ಡು ಕೊಡಬೇಕಿಲ್ಲ, ಜಾಹೀರಾತೂ ಇಲ್ಲ.

ಈ ಎರಡು ದಿನದ ಕೂಟದ ಹೆಸರು ಫೋಸ್‌ಡೆಮ್. 2000ದಲ್ಲಿ ರಫಾಯೆಲ್ ಬೋದ್ವಾಂ ಎಂಬ ಬೆಲ್ಜಿಯಂನವರು ಆರಂಭಿಸಿದ್ದು. ವರ್ಷಕ್ಕೊಮ್ಮೆ, ಜನವರಿ ಮುಗಿದು ಫೆಬ್ರವರಿ ಹುಟ್ಟುವ ಹೊತ್ತಿನ ವಾರಾಂತ್ಯದಲ್ಲಿ, ಓಪನ್ ಸೋರ್ಸ್ ತಂತ್ರಾಂಶ ಬರೆಯುವವರು ಇಲ್ಲಿ ಸೇರುತ್ತಾರೆ. ಟಿಕೆಟ್ಟಿಲ್ಲ, ನೋಂದಣಿಯಿಲ್ಲ, ಕೊರಳಿಗೆ ನೇತುಹಾಕುವ ಬ್ಯಾಡ್ಜೂ ಇಲ್ಲ. ಬಾಗಿಲಿಗೆ ಬಂದವನು ಒಳಗೆ ಬಂದಂತೆಯೇ. ಹಾಗಾಗಿ ಎಷ್ಟು ಜನ ಬಂದರೆಂದು ಎಣಿಸುವ ಉಪಾಯವೂ ಇಲ್ಲ. ಎಂಟು ಸಾವಿರಕ್ಕೆ ಮೇಲೆ ಎಂಬ ಅಂದಾಜಿನಲ್ಲೇ ಎಲ್ಲರಿಗೂ ಸಮಾಧಾನ. ಮೈಕು ಹಿಡಿಯುವವರು, ವಿಡಿಯೋ ಮಾಡುವವರು, ಕಸ ಗುಡಿಸುವವರು ಎಲ್ಲ ಸ್ವಯಂಸೇವಕರೇ. ಕೊಠಡಿಗಳು ಮಾತ್ರ ಬಂದ ಜನಕ್ಕೆ ಸಾಲುವುದಿಲ್ಲ. ‘ಫುಲ್’ ಎಂದು ಬರೆದ ಕಾಗದವನ್ನು ಎದೆಗೆ ಹಿಡಿದು ಬಾಗಿಲಿಗೆ ಅಡ್ಡ ನಿಂತ ಹುಡುಗಿಯ ಮುಂದೆ, ಜಗತ್ತಿನ ಅರ್ಧ ಸರ್ವರುಗಳಲ್ಲಿ ತನ್ನ ಕೋಡ್ ಓಡಿಸುತ್ತಿರುವ ನರೆಗಡ್ಡದ ಮನುಷ್ಯನೂ ಸುಮ್ಮನೆ ಸಾಲಿನಲ್ಲಿ ನಿಲ್ಲುತ್ತಾನೆ. ನನಗೆ ಈ ಕೂಟದ ಮೇಲೆ ಗೌರವ ಬಂದದ್ದು ಆ ದೃಶ್ಯದಿಂದಲೇ.

ವೈಫೈ ಹಿಡಿಯಲು ಹೋದರೆ ಇಲ್ಲಿಯವರ ಹಟ ಅರ್ಥವಾಗುತ್ತದೆ. ‘ಫೋಸ್‌ಡೆಮ್’ ಎಂಬ ಹೆಸರಿನದು ಹೊಸ ಐಪಿವಿ6 ವಿಳಾಸಗಳನ್ನಷ್ಟೇ ಒಪ್ಪುವ ಜಾಲ. ಹಳೆಯ ಪದ್ಧತಿಯ ವಿಳಾಸ ಬೇಕೇಬೇಕು ಎನ್ನುವವರಿಗೆ ಇನ್ನೊಂದಿದೆ, ಅದರ ಹೆಸರು ‘ಫೋಸ್‌ಡೆಮ್-ಏನ್ಷೆಂಟ್’. ಮೊದಲನೆಯದು ಕೈಕೊಟ್ಟು ಎರಡನೆಯದಕ್ಕೆ ಹೋಗುವವನು ಆಚೀಚೆ ನೋಡಿಕೊಂಡು ಒತ್ತುತ್ತಾನೆ.

ಜಗಳಕ್ಕಂತೂ ಬರವಿಲ್ಲ. ಪಕ್ಕದ ಮೇಜಿನಲ್ಲಿ ವೇಲ್ಯಾಂಡಿನ ಮಾತು ನಡೆದಿತ್ತು. ಪರದೆಯ ಮೇಲೆ ಕಿಟಕಿಗಳನ್ನು ಮೂಡಿಸುವ ಹಳೆಯ ಎಕ್ಸ್11 ವ್ಯವಸ್ಥೆಯ ಜಾಗಕ್ಕೆ ತರಬೇಕೆಂದು 2008ರಲ್ಲಿ ಶುರುವಾದದ್ದು ವೇಲ್ಯಾಂಡ್; ಮನೆಯನ್ನು ಪೂರ್ತಿ ಬದಲಾಯಿಸುವ ಆ ಕೆಲಸ ಇನ್ನೂ ನಡೆಯುತ್ತಲೇ ಇದೆ. ಒಬ್ಬ ತನ್ನ ಹಳೆಯ ಥಿಂಕ್‌ಪ್ಯಾಡನ್ನು ತೆರೆದು ತೋರಿಸುತ್ತಿದ್ದ. ಕೀಲಿಗಳ ಮೇಲಿನ ಅಕ್ಷರಗಳು ಸವೆದು ನುಣುಪಾಗಿವೆ, ನಡುವಿನ ಕೆಂಪು ಗುಂಡಿ ಬೆರಳು ಉಜ್ಜಿ ಉಜ್ಜಿ ಕಪ್ಪಾಗಿದೆ, ಮುಚ್ಚಳದ ಮೇಲೆ ಒಂದರ ಮೇಲೊಂದು ಸ್ಟಿಕ್ಕರು. ಒಂದರ ಮೂಲೆ ಎದ್ದು, ಅಡಿಯಿಂದ ಈಗ ಬದುಕಿಲ್ಲದ ಯಾವುದೋ ಪ್ರಾಜೆಕ್ಟಿನ ಲಾಂಛನ ಇಣುಕುತ್ತಿತ್ತು. ಅವನ ದೂರು ಇಷ್ಟೇ: ಹದಿನೈದು ವರ್ಷ ಸುಮ್ಮನೆ ನಡೆದದ್ದನ್ನು ಯಾಕೆ ಮುಟ್ಟಿದಿರಿ? ಎದುರಿನವನ ಉತ್ತರವೂ ಇಷ್ಟೇ: ಅದು ಸುಮ್ಮನೆ ನಡೆಯಲಿಲ್ಲ, ನಾವು ನಡೆಸಿದೆವು, ನಮಗೆ ಸಾಕಾಯಿತು. ಇನ್ನೊಂದು ಮೂಲೆಯಲ್ಲಿ ಸಿಸ್ಟಂಡಿಯ ಜಗಳ; ಯಂತ್ರ ಎದ್ದಾಗ ಉಳಿದ ಸೇವೆಗಳನ್ನೆಲ್ಲ ಎಬ್ಬಿಸುವ ತಂತ್ರಾಂಶ ಅದು. ಅದನ್ನು ಬೇಡ ಎಂದವರು ಡೆಬಿಯನ್ ಎಂಬ ಲಿನಕ್ಸ್ ವಿತರಣೆಯಿಂದಲೇ ಸಿಡಿದು ದೇವುವನ್ ಎಂಬ ಬೇರೆ ಒಲೆ ಹೂಡಿ ಹತ್ತು ವರ್ಷದ ಮೇಲಾಯಿತು. ಸಿಟ್ಟು ಮಾತ್ರ ಇಂದು ಬೆಳಿಗ್ಗೆಯದು. ಮತ್ತೊಂದೆಡೆ ಲಿನಕ್ಸಿನ ಗರ್ಭಕ್ಕೆ ರಸ್ಟ್ ಭಾಷೆಯನ್ನು ಬಿಟ್ಟುಕೊಂಡದ್ದು ಸರಿಯೋ ತಪ್ಪೋ ಎಂಬ ಚರ್ಚೆ. 2022ರ ಕೊನೆಗೆ ಬಂದ 6.1ನೇ ಆವೃತ್ತಿಯಲ್ಲಿ ಅದಕ್ಕೆ ಮೊದಲ ಜಾಗ ಸಿಕ್ಕಿತು. ಆಮೇಲೆ ರಸ್ಟ್ ಕಡೆಯ ಪ್ರಮುಖರೇ ಒಬ್ಬಿಬ್ಬರು ಈ ವಾಗ್ವಾದದಿಂದ ಬೇಸತ್ತು ಕೆಲಸ ಬಿಟ್ಟು ಎದ್ದುಹೋದರು.

ಹೊರಗಿನವನಿಗೆ ಇದೆಲ್ಲ ಹುಚ್ಚಾಟವಾಗಿ ಕಾಣುತ್ತದೆ. ಆದರೆ ಸಾಲದ ಚಿಂತೆಯಿರುವ ಮದುವೆಮನೆಯಲ್ಲೇ ಉಪ್ಪಿನಕಾಯಿಯ ಬಗ್ಗೆ ಜಗಳ ಜೋರಾಗಿರುತ್ತದೆ. ಇಲ್ಲಿಯ ಸಾಲದ ಮಾತು ಕೇಳಬೇಕೆಂದರೆ ಹೊರಗೆ, ಆಲೂಗಡ್ಡೆ ಫ್ರೈಸ್ ಮಾರುವ ಗಾಡಿಯ ಮುಂದೆ ಸಾಲು ನಿಲ್ಲಬೇಕು.

ಅಲ್ಲೇ ನನ್ನ ಹಿಂದಿನಿಂದ ಕೇಳಿದ್ದು: “ಹೂಂ ಅವ್ವಾ, ಉಂಡೀನಿ. ಅನ್ನಾನ ಉಂಡೀನಿ.” ಮಾತಾಡುತ್ತಿದ್ದವನ ಕೈಯಲ್ಲಿ ಫ್ರೈಸಿನ ದುಡ್ಡಿತ್ತು. ನಾನು ತಿರುಗಿ ನಕ್ಕೆ, ಅವನು ಫೋನಿಟ್ಟು ನಾಚಿಕೊಂಡ. ಹುಬ್ಬಳ್ಳಿಯವನು, ವಯಸ್ಸು ಮೂವತ್ತೈದರ ಆಸುಪಾಸು, ನೆದರ್ಲ್ಯಾಂಡ್ಸ್‌ನಲ್ಲಿ ಕೆಲಸ. ಏನು ಮಾಡುತ್ತೀರಿ ಎಂದದ್ದಕ್ಕೆ, “ಹಗಲಿ ನೌಕರಿ ಸರ, ರಾತ್ರಿ ಇದು. ನೌಕರಿಗೆ ಪಗಾರ ಐತಿ, ಇದಕ್ಕ ಬೈಗಳ ಐತಿ” ಎಂದ.

‘ಇದು’ ಅಂದರೆ ಒಂದು ಸಣ್ಣ ಕೋಡ್ ಲೈಬ್ರರಿ. ಯೂನಿಕೋಡ್ ಬಳಕೆಗೆ ಬರುವ ಮುಂಚೆ ನುಡಿ, ಬರಹ ತಂತ್ರಾಂಶಗಳಲ್ಲಿ ಬೆರಳಚ್ಚು ಮಾಡಿಟ್ಟ ಕನ್ನಡ ಕಡತಗಳಿವೆಯಲ್ಲ, ಅವನ್ನು ಇವತ್ತಿನ ಯೂನಿಕೋಡಿಗೆ ತಿರುಗಿಸುವಂಥದು. ಕೇಳಲು ಸುಲಭ. ಆದರೆ ಹಳೆಯ ಕಡತದಲ್ಲಿ ಅಕ್ಷರಗಳಿರುವುದಿಲ್ಲ, ಅಕ್ಷರದ ಚೂರುಗಳಿರುತ್ತವೆ: ತಲೆಕಟ್ಟು ಒಂದು ಚೂರು, ಕೊಂಬು ಒಂದು ಚೂರು, ಒತ್ತು ಮತ್ತೊಂದು. ಅವನು ಫ್ರೈಸಿನ ಕಾಗದದ ಮೇಲೆ ಬೆರಳಿಂದ ಬರೆದು ತೋರಿಸಿದ. ಸೂರ್ಯ ಎಂದು ಹೊಡೆದರೆ ಆ ಕಾಲದ ಫಾಂಟು ಮೊದಲು ಸೂ, ಆಮೇಲೆ ಯ, ಅದರ ಬೆನ್ನಿಗೆ ಅರ್ಕಾವೊತ್ತಿನ ಕೊಕ್ಕೆ ಇಟ್ಟುಕೊಳ್ಳುತ್ತಿತ್ತು. ಕಣ್ಣಿಗೆ ಸರಿ. ಯೂನಿಕೋಡಿನಲ್ಲಿ ರಕಾರ ಯಕಾರಕ್ಕಿಂತ ಮುಂಚೆ ಬರಬೇಕು. ಹಾಗಾಗಿ ಕೊಕ್ಕೆಯನ್ನು ಹುಡುಕಿ, ಹಿಂದಿನ ಅಕ್ಷರವನ್ನು ಅದರ ಒತ್ತು ಸಮೇತ ದಾಟಿಸಿ, ಮುಂದಕ್ಕೆ ತಂದು ಕೂರಿಸಬೇಕು. ಯಾರೋ ಗುಮಾಸ್ತರು ಅವಸರದಲ್ಲಿ ಎರಡು ಕೊಕ್ಕೆ ಹೊಡೆದಿದ್ದರೆ ಮುಗಿಯಿತು. “ಇಂಥಾವು ನಾಕನೂರು ನಮೂನಿ ಅದಾವ ಸರ. ಯಾವ ಆಫೀಸಿನ್ಯಾಗ ಇದನ್ನ ಬಳಸಾಕತ್ತಾರ ಅನ್ನೂದು ನನಗ ತಿಳಿಯೂದ ಬಗ್ ಬಂದಾಗ. ‘ಅರ್ಜೆಂಟ್ ಐತಿ, ಇವತ್ತ ಮಾಡಿಕೊಡ್ರಿ’ ಅಂತ ಬರೀತಾರ. ಹೆಸರೂ ಹೇಳಂಗಿಲ್ಲ.”

ಇದೇ ಪಾಡನ್ನು ಇದಕ್ಕಿಂತ ಸಾವಿರ ಪಾಲು ದೊಡ್ಡ ಪ್ರಮಾಣದಲ್ಲಿ ಅನುಭವಿಸಿದವರು ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್. ಅಂತರ್ಜಾಲದಿಂದ ಮಾಹಿತಿ ಎಳೆದು ತರುವ ಅವರ ಕರ್ಲ್ ಎಂಬ ಸಾಧನ ನಿಮ್ಮ ಫೋನಿನಲ್ಲಿದೆ, ಟೀವಿಯಲ್ಲಿದೆ, ಪ್ರಾಯಶಃ ಕಾರಿನಲ್ಲೂ ಇದೆ. 2021ರ ಡಿಸೆಂಬರಿನಲ್ಲಿ ಲಾಗ್4ಜೆ ಎಂಬ ಜಾವಾ ಲೈಬ್ರರಿಯಲ್ಲಿ ದೊಡ್ಡ ಬಿರುಕು ಕಂಡಿತು. ಮುಂದಿನ ತಿಂಗಳು ಒಂದು ಭಾರೀ ಕಂಪನಿಯಿಂದ ಸ್ಟೆನ್‌ಬರ್ಗರಿಗೆ ಓಲೆ ಬಂತು: ನಿಮ್ಮ ಉತ್ಪನ್ನದಲ್ಲಿ ಆ ಬಿರುಕು ಇದೆಯೇ, ಇಪ್ಪತ್ನಾಲ್ಕು ಗಂಟೆಯೊಳಗೆ ಉತ್ತರಿಸಿ. ಕರ್ಲ್ ಬರೆದಿರುವುದು ಸಿ ಭಾಷೆಯಲ್ಲಿ, ಅದಕ್ಕೂ ಲಾಗ್4ಜೆಗೂ ಸಂಬಂಧವೇ ಇಲ್ಲ. ಆ ಕಂಪನಿ ಅವರಿಗೆ ಒಂದು ಕಾಸೂ ಕೊಟ್ಟಿರಲಿಲ್ಲ. ಬೆಂಬಲದ ಒಪ್ಪಂದ ಮಾಡಿಕೊಂಡರೆ ಎಲ್ಲದಕ್ಕೂ ಸಂತೋಷವಾಗಿ ಉತ್ತರಿಸುತ್ತೇನೆ ಎಂದು ಸ್ಟೆನ್‌ಬರ್ಗ್ ಬರೆದರು. ಮರಳಿ ಬಂದ ಪತ್ರದಲ್ಲಿ ಅವರ ಹೆಸರು ಡೇವಿಡ್ ಆಗಿತ್ತು; ಹಾಗಾದರೆ ನಾವು ನಿಮ್ಮ ಗ್ರಾಹಕರಲ್ಲವೇ ಎಂಬ ಪ್ರಶ್ನೆಯೂ ಇತ್ತು. ಅವರು ಕಂಪನಿಯ ಹೆಸರನ್ನು ಮರೆಮಾಡಿ ಆ ಪತ್ರಗಳನ್ನು ಎಲ್ಲರ ಮುಂದಿಟ್ಟರು. ಫ್ರೈಸ್ ಸಾಲಿನಲ್ಲಿ ಯಾರ ಬಾಯಲ್ಲಿ ಕೇಳಿದರೂ ಈ ಕಥೆಗೆ ನಗು ಬರುತ್ತದೆ. ನಕ್ಕವರು ಆಮೇಲೆ ತಮ್ಮದೊಂದು ಹೇಳುತ್ತಾರೆ.

ಈಗಿನ ಹೊಸ ಉಪದ್ರವ ಎಐ. ಚಾಟ್‌ಬಾಟಿಗೆ ಕೇಳಿ, ಅದು ಬರೆದುಕೊಟ್ಟ ಸುರಕ್ಷತಾ ದೂರನ್ನು ಹಾಗೇ ಕಳಿಸುವವರು ಹೆಚ್ಚಿದ್ದಾರೆ. ಭಾಷೆ ಬಲು ನಯ, ಶೀರ್ಷಿಕೆಗಳೆಲ್ಲ ಓರಣ; ದೂರಿನಲ್ಲಿ ಹೆಸರಿಸಿದ ಫಂಕ್ಷನ್ ಮಾತ್ರ ಕೋಡಿನಲ್ಲಿ ಎಲ್ಲೂ ಇರುವುದಿಲ್ಲ. ಸುಳ್ಳೆಂದು ಖಚಿತಪಡಿಸಿಕೊಳ್ಳಲು ಯಾರೋ ಒಬ್ಬರು ಸಂಜೆಯನ್ನು ಕಳೆದುಕೊಳ್ಳಲೇಬೇಕು. ದೋಷ ತೋರಿಸಿದವರಿಗೆ ಬಹುಮಾನ ಕೊಡುವ ಪದ್ಧತಿಯನ್ನು ಕರ್ಲ್ ಹಲವು ವರ್ಷ ನಡೆಸಿಕೊಂಡು ಬಂದಿತ್ತು. ಈ ಕಸದ ಹೊಳೆಗೆ ಅಣೆಕಟ್ಟು ಸಾಲದೆ 2026ರ ಜನವರಿ ಕೊನೆಗೆ ಅದನ್ನು ಮುಚ್ಚಿತು.

ಲೈಸೆನ್ಸಿನ ಗಲಾಟೆಯೂ ಇದೆ, ಅದು ದುಡ್ಡಿದ್ದವರ ಜಗಳ. ಟೆರಾಫಾರ್ಮ್ ಎಂಬ ತಂತ್ರಾಂಶದ ಕಂಪನಿ ಹಾಶಿಕಾರ್ಪ್ 2023ರ ಆಗಸ್ಟಿನಲ್ಲಿ ಲೈಸೆನ್ಸ್ ಬಿಗಿಮಾಡಿತು, ಡೇಟಾಬೇಸ್ ತಂತ್ರಾಂಶವಾದ ರೆಡಿಸ್ 2024ರ ಮಾರ್ಚಿನಲ್ಲಿ. ಹಳೆಯ ಕೋಡನ್ನು ಎತ್ತಿಕೊಂಡು ಹೊರಟವರು ಓಪನ್‌ಟೋಫು, ವಾಲ್ಕಿ ಎಂಬ ಕವಲುಗಳನ್ನು ಕಟ್ಟಿಕೊಂಡರು. ರೆಡಿಸ್ ಮರುವರ್ಷ ಮತ್ತೆ ಮುಕ್ತ ಲೈಸೆನ್ಸಿಗೆ ಮರಳಿತು, ಆದರೆ ಹೋದವರು ಬರಲಿಲ್ಲ.

ಹುಬ್ಬಳ್ಳಿಯವನ ಚಿಂತೆ ಬೇರೆ. ಅವನ ಲೈಬ್ರರಿಗೆ ಒಬ್ಬ ಹುಡುಗ ಸಹಾಯಕ್ಕೆ ಸಿಕ್ಕಿದ್ದಾನೆ. ಕೆಲವು ತಿಂಗಳಿಂದ ಒಳ್ಳೊಳ್ಳೆಯ ಪ್ಯಾಚು, ಅಂದರೆ ಕೋಡಿನ ತಿದ್ದುಪಡಿ, ಕಳಿಸುತ್ತಿದ್ದಾನೆ, ಚೊಕ್ಕ ಕೆಲಸ, ಬೈದರೂ ಬೇಸರವಿಲ್ಲ. “ದಾವಣಗೆರಿ ಅಂತಾನ, ಇಂಜಿನಿಯರಿಂಗ್ ಓದಾಕತ್ತಾನಂತ. ಮಾರಿ ನೋಡಿಲ್ಲ ಸರ. ದನೀನೂ ಕೇಳಿಲ್ಲ. ಕೀಲಿಕೈ ಕೊಡ್ಲೋ ಬ್ಯಾಡೋ?” ಕೀಲಿಕೈ ಅಂದರೆ ತನ್ನನ್ನು ಕೇಳದೆಯೇ ಕೋಡ್ ಸೇರಿಸುವ, ಹೊಸ ಆವೃತ್ತಿ ಬಿಡುಗಡೆ ಮಾಡುವ ಅಧಿಕಾರ. ಮೊದಲಾದರೆ ಇದು ಪ್ರಶ್ನೆಯೇ ಆಗುತ್ತಿರಲಿಲ್ಲ. ಆಯಾಸಗೊಂಡವನು ಹೆಗಲು ಕೊಟ್ಟವನಿಗೆ ನೊಗ ದಾಟಿಸುವುದು ಇಲ್ಲಿಯ ಹಳೆಯ ರೂಢಿ. ಆ ರೂಢಿಯ ಮೇಲೆ ಎಕ್ಸ್‌ಝಡ್ ಪ್ರಕರಣ ಬಂದು ಬಿತ್ತು.

ಎಕ್ಸ್‌ಝಡ್ ಎಂದರೆ ಕಡತಗಳನ್ನು ಕುಗ್ಗಿಸುವ ಸಾಧನ. ಲಿನಕ್ಸ್ ಇರುವಲ್ಲೆಲ್ಲ ಇದೆ, ಇದೆಯೆಂದು ಯಾರಿಗೂ ನೆನಪಿಲ್ಲ. ಅದನ್ನು ವರ್ಷಗಟ್ಟಲೆ ನೋಡಿಕೊಂಡು ಬಂದವರು ಫಿನ್‌ಲ್ಯಾಂಡಿನ ಲಾಸ್ಸೆ ಕೊಲಿನ್, ಹೆಚ್ಚುಕಡಿಮೆ ಒಬ್ಬರೇ. 2021ರ ಹೊತ್ತಿಗೆ ಜಿಯಾ ಟಾನ್ ಎಂಬ ಹೆಸರಿನವನೊಬ್ಬ ಪ್ಯಾಚು ಕಳಿಸತೊಡಗಿದ. 2022ರಲ್ಲಿ ಬೇರೆ ಕೆಲವು ಹೆಸರುಗಳು ಕಾಣಿಸಿಕೊಂಡವು, ಅದರಲ್ಲೊಂದು ನಮ್ಮ ದೇಶದ ಹೆಸರಿನ ಹಾಗೆ ಕೇಳುವ ಜಿಗರ್ ಕುಮಾರ್. ಕೆಲಸ ಯಾಕೆ ನಿಧಾನ, ನಿಮಗೆ ಆಸಕ್ತಿ ಹೋಗಿದೆ, ಬೇರೆಯವರಿಗೆ ಬಿಟ್ಟುಕೊಡಿ ಎಂದು ಒಂದೇ ಸಮನೆ ಚುಚ್ಚಿದವು. ಕೊಲಿನ್ ಕೊಟ್ಟ ಉತ್ತರ ಓದಿದರೆ ಈಗಲೂ ಹೊಟ್ಟೆ ಕಿವುಚುತ್ತದೆ: ಆಸಕ್ತಿ ಹೋಗಿಲ್ಲ, ಬಹುಕಾಲದ ಮಾನಸಿಕ ತೊಂದರೆಗಳಿಂದ ಶಕ್ತಿ ಕುಗ್ಗಿದೆ, ಇದು ಸಂಬಳವಿಲ್ಲದ ಹವ್ಯಾಸ ಎಂಬುದು ನೆನಪಿರಲಿ, ಜಿಯಾ ಟಾನ್‌ಗೆ ಮುಂದೆ ಹೆಚ್ಚಿನ ಪಾತ್ರ ಸಿಗಬಹುದು. ಸಿಕ್ಕಿತು.

2024ರ ಮಾರ್ಚ್ ಕೊನೆಯಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ಕೆಲಸ ಮಾಡುವ, ಮೈಕ್ರೋಸಾಫ್ಟಿನ ಇಂಜಿನಿಯರ್ ಆಂಡ್ರೆಸ್ ಫ್ರಾಯ್ಂಡ್ ಒಂದು ಪರೀಕ್ಷೆ ನಡೆಸುತ್ತಿದ್ದರು. ದೂರದ ಯಂತ್ರಕ್ಕೆ ಎಸ್‌ಎಸ್‌ಎಚ್ ಮೂಲಕ ಲಾಗಿನ್ ಆಗಲು ಎಂದಿಗಿಂತ ಅರ್ಧ ಸೆಕೆಂಡು ಜಾಸ್ತಿ ಹಿಡಿಯುತ್ತಿತ್ತು. ನಾನಾಗಿದ್ದರೆ ಚಹಾಕ್ಕೆ ಎದ್ದುಹೋಗುತ್ತಿದ್ದೆ, ಅವರು ಎದ್ದುಹೋಗಲಿಲ್ಲ. ಬಗೆಯುತ್ತ ಹೋದರೆ ಎಕ್ಸ್‌ಝಡ್‌ನ 5.6.0 ಮತ್ತು 5.6.1ನೇ ಆವೃತ್ತಿಗಳ ಪರೀಕ್ಷಾ ಕಡತಗಳಲ್ಲಿ ಹಿಂಬಾಗಿಲು ಅಡಗಿತ್ತು. ಅವು ಮನುಷ್ಯರ ಕಣ್ಣಿಗೆ ಓದಲು ಬಾರದ ಬೈನರಿ ಕಡತಗಳು. ಬಿಡುಗಡೆಯ ಪೊಟ್ಟಣವನ್ನು ಕಟ್ಟುವಾಗ ಅವುಗಳೊಳಗಿನ ವಿಷ ಬಿಚ್ಚಿಕೊಂಡು ಲೈಬ್ರರಿಗೆ ಸೇರುತ್ತಿತ್ತು. ಸರಿಯಾದ ಗುಪ್ತ ಕೀಲಿ ಇದ್ದವನು ಆ ಸರ್ವರಿನಲ್ಲಿ ಬೇಕಾದ್ದನ್ನು ಮಾಡಬಹುದಾಗಿತ್ತು. ದೊಡ್ಡ ವಿತರಣೆಗಳ ಸ್ಥಿರ ಆವೃತ್ತಿಗಳನ್ನು ಅದು ಇನ್ನೂ ಮುಟ್ಟಿರಲಿಲ್ಲ, ಅಷ್ಟರೊಳಗೆ ಸಿಕ್ಕಿಬಿತ್ತು. ಜಿಯಾ ಟಾನ್ ಯಾರು, ಒಬ್ಬನೋ ಹತ್ತು ಜನವೋ, ಯಾವ ದೇಶದ ಸಂಬಳ, ಏನೂ ಹೊರಬರಲಿಲ್ಲ.

ಇಲ್ಲೊಂದು ಅಡ್ಡಮಾತು. ಎಸ್‌ಎಸ್‌ಎಚ್‌ಗೂ ಎಕ್ಸ್‌ಝಡ್‌ಗೂ ನೇರ ನಂಟಿಲ್ಲ. ಕೆಲವು ವಿತರಣೆಗಳು ಎಸ್‌ಎಸ್‌ಎಚ್ ಅನ್ನು ಸಿಸ್ಟಂಡಿಯ ಲೈಬ್ರರಿಗೆ ಜೋಡಿಸಿದ್ದವು, ಆ ಲೈಬ್ರರಿ ಎಕ್ಸ್‌ಝಡ್ ಅನ್ನು ಎಳೆದು ತರುತ್ತಿತ್ತು. ಕಾರಿಡಾರಿನ ಸಿಸ್ಟಂಡಿ ವಿರೋಧಿಗಳಿಗೆ ಇನ್ನೂ ಇಪ್ಪತ್ತು ವರ್ಷ ಜಗಳವಾಡಲು ಸಾಕಾಗುವಷ್ಟು ಸಾಮಗ್ರಿ ಆ ದಿನವೇ ಸಿಕ್ಕಿತು.

ಹೀಗಾಗಿ ಹುಬ್ಬಳ್ಳಿಯವನ ಇಕ್ಕಟ್ಟು ಅವನೊಬ್ಬನದಲ್ಲ. ದಣಿದವನಿಗೆ ಬೇಕಾದದ್ದು ಒಬ್ಬ ಸಹಾಯಕ. ಆ ದಾಳಿ ಬಂದದ್ದೂ ಸಹಾಯಕನ ವೇಷದಲ್ಲೇ. ಸೌಜನ್ಯ, ತಾಳ್ಮೆ, ಬಿಡುವಿನ ಸಮಯ ಇವೆಲ್ಲ ಹಿಂದೆ ಗುಣಗಳಾಗಿದ್ದವು, ಈಗ ಲಕ್ಷಣಗಳಾಗಿವೆ. ಇದರಲ್ಲಿ ಹೆಚ್ಚು ನಷ್ಟವಾದದ್ದು ಯಾರಿಗೆಂದರೆ ದಾವಣಗೆರೆಯಂಥ ಊರಿನಲ್ಲಿ ಕೂತ ಹುಡುಗರಿಗೆ ಎಂದು ನನಗನ್ನಿಸುತ್ತದೆ. ಬ್ರಸೆಲ್ಸಿಗೆ ಬಂದು ಬಿಯರ್ ಕುಡಿದು ಮುಖ ತೋರಿಸಿದವನ ಮೇಲೆ ನಂಬಿಕೆ ಸುಲಭ. ಷೆಂಗೆನ್ ವೀಸಾಕ್ಕೆ ದುಡ್ಡಿಲ್ಲದವನು ಬರೀ ಒಂದು ಹೆಸರು. ಒಂದು ಕಾಲಕ್ಕೆ ನಮ್ಮಲ್ಲೂ ಇಂಥ ಮುಖಾಮುಖಿ ಇತ್ತು: 2001ರಲ್ಲಿ ‘ಲಿನಕ್ಸ್ ಬೆಂಗಳೂರು’ ಎಂದು ಆರಂಭವಾಗಿ, ‘ಫಾಸ್.ಇನ್’ ಎಂದು ಹೆಸರು ಬದಲಿಸಿಕೊಂಡ ಸಮ್ಮೇಳನ 2012ರವರೆಗೆ ನಡೆಯಿತು. ಈಗ ಇಂಡಿಯಾಫಾಸ್ ಇದೆ.

ದುಡ್ಡಿನ ಮಾತು ಹೊಸದಲ್ಲ. 2014ರಲ್ಲಿ ಹಾರ್ಟ್‌ಬ್ಲೀಡ್ ದೋಷ ಬಯಲಾದಾಗ, ಆ ದೋಷವಿದ್ದ, ಜಗತ್ತಿನ ಬ್ಯಾಂಕುಗಳೆಲ್ಲ ನೆಚ್ಚಿದ್ದ ಓಪನ್‌ಎಸ್‌ಎಸ್‌ಎಲ್ ಎಂಬ ಸುರಕ್ಷತಾ ಲೈಬ್ರರಿಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್ ಎಂದು ಗೊತ್ತಾಗಿ ಎಲ್ಲರೂ ಹೌಹಾರಿದರು. ಆಮೇಲೆ ಸ್ವಲ್ಪ ಸ್ವಲ್ಪ ಬದಲಾಗಿದೆ. ಜರ್ಮನಿ ಸರ್ಕಾರ 2022ರಿಂದ ಇಂಥ ಅಡಿಪಾಯದ ಕೆಲಸಕ್ಕೆ ಹಣ ಕೊಡುತ್ತಿದೆ. ಬೆಂಗಳೂರಿನ ಝೆರೋಧಾ 2024ರ ಅಕ್ಟೋಬರಿನಲ್ಲಿ ವರ್ಷಕ್ಕೆ ಹತ್ತು ಲಕ್ಷ ಡಾಲರಿನ ಫ್ಲಾಸ್ ನಿಧಿ ಘೋಷಿಸಿತು. ಯುರೋಪಿನ ಸೈಬರ್ ರೆಸಿಲಿಯನ್ಸ್ ಕಾಯಿದೆ 2024ರ ಡಿಸೆಂಬರಿನಿಂದ ಜಾರಿಯಲ್ಲಿದೆ, ಅದರ ಮುಖ್ಯ ನಿಯಮಗಳು 2027ರ ಡಿಸೆಂಬರಿಗೆ ಅನ್ವಯವಾಗುತ್ತವೆ. ತಂತ್ರಾಂಶ ಮಾರುವವನೇ ಅದರೊಳಗಿನ ಓಪನ್ ಸೋರ್ಸ್ ಚೂರುಗಳ ಸುರಕ್ಷತೆಗೂ ಹೊಣೆ ಎನ್ನುತ್ತದೆ ಅದು. ಆ ಕಾಯಿದೆಯ ಬಗ್ಗೆ ಮಾತು ನಡೆಯುವ ಕೊಠಡಿಯ ಬಾಗಿಲಲ್ಲಿ ‘ಫುಲ್’ ಕಾಗದ ಬೇಗನೆ ಏರುತ್ತದೆ. ಒಂದು ಕಾಲಕ್ಕೆ ವಕೀಲರನ್ನು ಕಂಡರೆ ಮೂಗು ಮುರಿಯುತ್ತಿದ್ದ ಜನ ಈಗ ಕಲಮುಗಳನ್ನು ಬಾಯಿಪಾಠ ಹೇಳುತ್ತಾರೆ. ಹವ್ಯಾಸಿಗೆ ವಿನಾಯಿತಿ ಇದೆಯಂತೆ ಎಂಬ ಸಮಾಧಾನ ಒಂದು ಕಡೆ. ಕಂಪನಿಗಳು ತಮ್ಮ ಹೊಣೆಯ ಅರ್ಜಿಗಳನ್ನೆಲ್ಲ ಹವ್ಯಾಸಿಯ ಇನ್‌ಬಾಕ್ಸಿಗೇ ತಳ್ಳುತ್ತವೆ ಎಂಬ ಭಯ ಇನ್ನೊಂದು ಕಡೆ. ಸ್ಟೆನ್‌ಬರ್ಗರ ಓಲೆಯ ಕಥೆ ಕೇಳಿದ ಮೇಲೆ ನನಗೂ ಎರಡನೆಯದೇ ಹತ್ತಿರವೆನಿಸುತ್ತದೆ.

ಭಾನುವಾರ ಸಂಜೆ ಕೆ ಕಟ್ಟಡದಲ್ಲಿ ಮೇಜು ಮಡಿಚುವ ಸದ್ದು. ಹುಬ್ಬಳ್ಳಿಯವನು ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ಏನೋ ಬರೆಯುತ್ತಿದ್ದ. ತೀರ್ಮಾನ ಮಾಡಿದ್ದನಂತೆ. ಕೋಡ್ ಸೇರಿಸುವ ಅಧಿಕಾರ ಹುಡುಗನಿಗೆ, ಬಿಡುಗಡೆಯ ಕೀಲಿ ಸದ್ಯಕ್ಕೆ ತನ್ನಲ್ಲೇ. “ಮತ್ತ ಒಂದ ಕರಾರು ಸರ. ಟೆಸ್ಟ್ ಫೈಲ್ ಅಷ್ಟೂ ಕಣ್ಣಿಗೆ ಓದಾಕ ಬರಬೇಕು. ಬೈನರಿ ನಡಿಯಂಗಿಲ್ಲ. ಕನ್ನಡ ಲೈಬ್ರರಿ ಐತಿ, ಕನ್ನಡದಾಗ ಓದಾಕ ಬರಲಿ.” ಕಳಿಸಿದ. ಊರಲ್ಲಿ ಆಗಲೇ ರಾತ್ರಿ ಹತ್ತೂವರೆ, ಆದರೂ ಉತ್ತರ ತಕ್ಷಣ ಬಂತು. ಓದಿಕೊಂಡು ದೊಡ್ಡದಾಗಿ ನಕ್ಕು ಫೋನನ್ನು ನನ್ನ ಕಡೆ ತಿರುಗಿಸಿದ: ಥ್ಯಾಂಕ್ಸ್ ಸರ್, ಆದರೆ ಎಕ್ಸಾಮ್ ನಡೀತಿದೆ, 20ನೇ ತಾರೀಕಿನವರೆಗೆ ಏನೂ ಮಾಡಕ್ಕಾಗಲ್ಲ, ಮ್ಯಾಥ್ಸ್ ಬೇರೆ ಬ್ಯಾಕ್ ಇದೆ.

“ಬ್ಯಾಕ್ ಐತಂತ್ರಿ!” ಎಂದ. “ಗೂಢಚಾರಗ ಮ್ಯಾಥ್ಸ್ ಬ್ಯಾಕ್ ಇರೂದಿಲ್ಲ ಬಿಡ್ರಿ.”